ಕ್ಷೇಮ ಕೇಳುವ ಕಾಟಯ್ಯ

ಏಳು ಬೆಟ್ಟ ದಾಟಿದ ಮೇಲೆ ಎಂಟನೆಯದನ್ನು ಹತ್ತುವುದಕ್ಕೆ ಯಾರಿಗೂ ಮನಸ್ಸಾಗದ ಜಾಗದಲ್ಲಿ, ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೆ ಇನ್ನೂ ಹಲ್ಲು ಮೂಡಿರದ ಕಾಲದಲ್ಲಿ, ಹೊಂಬಾಳೆಪುರ ಎಂಬ ರಾಜ್ಯವಿತ್ತು. ಅದನ್ನು ಮಂದಾರಸೇನ ಎಂಬ ರಾಜ ಆಳುತ್ತಿದ್ದ. ಒಳ್ಳೆಯವನೇ, ಆದರೆ ಕೆಟ್ಟ ಸುದ್ದಿ ಎಂದರೆ ಅವನಿಗೆ ಆಗುತ್ತಿರಲಿಲ್ಲ. ಪಾಯಸಕ್ಕೆ ಉಪ್ಪು ಬಿದ್ದಿದೆ ಎಂದು ಕೇಳಿದರೂ ಮೂರು ದಿನ ಮಂಚ ಬಿಟ್ಟು ಏಳುತ್ತಿರಲಿಲ್ಲ.

ಇಂಥ ರಾಜ್ಯಕ್ಕೆ ಒಂದು ದಿನ ಕೆಮ್ಮುಮಾರಿ ಬಂದಳು. ಬಂದವಳು ಹೋಗುವ ಮಾತೇ ಎತ್ತಲಿಲ್ಲ. ಜನ ಬಾಗಿಲು ಹಾಕಿಕೊಂಡರು, ಬಾಯಿಗೆ ಬಟ್ಟೆ ಕಟ್ಟಿಕೊಂಡರು, ಒಬ್ಬರಿಂದೊಬ್ಬರು ಆರು ಮೊಳ ದೂರ ನಿಂತರು. ಮೊದಲನೆಯ ವರ್ಷ ಎಲ್ಲರಿಗೂ ಹುಮ್ಮಸ್ಸಿತ್ತು. ಮಾಳಿಗೆಯ ಮೇಲೆ ನಿಂತು ಹಾಡಿದರು, ಹದಿನಾರು ಬಗೆಯ ಉಪ್ಪಿನಕಾಯಿ ಹಾಕಿದರು. ಎರಡನೆಯ ವರ್ಷ ಅದೇ ಉಪ್ಪಿನಕಾಯಿಯ ವಿಷಯಕ್ಕೆ ಗಂಡ ಹೆಂಡಿರು ಜಗಳವಾಡಿದರು. ಮೂರನೆಯ ವರ್ಷ ಜಗಳವಾಡುವುದಕ್ಕೂ ತ್ರಾಣವಿರಲಿಲ್ಲ.

ರಾಜ ಒಂದು ಏರ್ಪಾಡು ಮಾಡಿದ್ದ. ದಿನಾ ಬೆಳಗ್ಗೆ ಡಂಗುರ ಸಾರುವ ಕಾಟಯ್ಯ ಬೀದಿಬೀದಿಯಲ್ಲೂ ತಮಟೆ ಬಾರಿಸಿ "ಕ್ಷೇಮವೇ?" ಎಂದು ಕೂಗಬೇಕು. ಮನೆಯವರು ಬಾಗಿಲ ಹಿಂದಿನಿಂದ "ಕ್ಷೇಮ" ಎನ್ನಬೇಕು. ಬೇರೇನಾದರೂ ಅಂದರೆ ಅರಮನೆಯ ವೈದ್ಯರು ಬಂದು ಆ ಮನೆಗೆ ಹೊರಗಿನಿಂದ ನಲವತ್ತು ದಿನ ಅಗಳಿ ಹಾಕಿಸುತ್ತಿದ್ದರು. ಮೊದಮೊದಲು ಕುಂಬಾರಗೇರಿಯ ಒಬ್ಬ "ಸ್ವಲ್ಪ ಬೇಜಾರು" ಅಂದು ನೋಡಿದ. ಅವನ ಮನೆಗೆ ಅಗಳಿ ಬಿದ್ದ ಮಾರನೆಯ ದಿನದಿಂದ ಇಡೀ ಊರು ಕ್ಷೇಮವಾಗಿಬಿಟ್ಟಿತು. ರಾಜ ನೆಮ್ಮದಿಯಿಂದ ಪಾಯಸ ಉಂಡ.

ಕಾಟಯ್ಯನಿಗೆ ಇಪ್ಪತ್ತೆರಡು ವರ್ಷ. ಅವನ ಕೂಗಿಗೆ ಅರಮನೆಯ ಪಾರಿವಾಳಗಳು ಒಂದೇ ಸಲಕ್ಕೆ ಹಾರುತ್ತಿದ್ದವು. ಮನೆಯಲ್ಲಿ ಅವನೂ ಅವನವ್ವ ಪುಟ್ಟೀರವ್ವನೂ ಇಬ್ಬರೇ. ಪುಟ್ಟೀರವ್ವ ದಿನಾ ಮೆಣಸು, ಶುಂಠಿ, ಅಮೃತಬಳ್ಳಿ ಜಜ್ಜಿ ಬೀದಿಯ ನಲವತ್ತೆರಡು ಮನೆಗೂ ಕಷಾಯ ಕಾಯಿಸಿ ಹೊಸ್ತಿಲಲ್ಲಿ ಇಟ್ಟು ಬರುತ್ತಿದ್ದಳು. ಇದನ್ನು ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಾಕು ಬಿಡು ಎಂದೂ ಯಾರೂ ಹೇಳಿರಲಿಲ್ಲ.

ಒಂದು ಬೆಳಗ್ಗೆ ಪುಟ್ಟೀರವ್ವ ಒರಳಿನ ಮುಂದೆ ಕೂತವಳು ಏಳಲಿಲ್ಲ. ಕಾಟಯ್ಯ ಬಗ್ಗಿ ನೋಡಿದರೆ ಅವ್ವನ ಪಾದ ಎರಡೂ ಕಲ್ಲಾಗಿವೆ. ಒರಳು ಎಲ್ಲಿ ಮುಗಿಯಿತು, ಅವ್ವ ಎಲ್ಲಿ ಶುರುವಾದಳು ಎಂದು ಗೊತ್ತಾಗುವಂತಿರಲಿಲ್ಲ.

"ಏನಾಯ್ತವ್ವ?"

"ಏನೂ ಇಲ್ಲ ಕಣಪ್ಪ. ಕ್ಷೇಮವಾಗಿದ್ದೀನಿ."

ಹಾಗೆ ಅನ್ನುತ್ತಿದ್ದ ಹಾಗೇ ಕಲ್ಲು ಮೊಣಕಾಲಿಗೆ ಏರಿತು.

ಕಾಟಯ್ಯ ಓಡಿ ವೈದ್ಯರನ್ನು ಕರೆತಂದ. ವೈದ್ಯರು ಆರು ಮೊಳ ದೂರದಲ್ಲಿ ನಿಂತು, ಬಿದಿರಿನ ಕೊಳವೆಯಲ್ಲಿ ಕಣ್ಣಿಟ್ಟು ನೋಡಿದರು. ಕೆಮ್ಮಿಲ್ಲ, ಜ್ವರವಿಲ್ಲ, ಆದ್ದರಿಂದ ಕಾಯಿಲೆಯೂ ಇಲ್ಲ ಎಂದರು. ಕಲ್ಲಾಗುವುದು ತಮ್ಮ ಗ್ರಂಥದಲ್ಲಿ ಬರುವುದಿಲ್ಲ, ಬೇಕಾದರೆ ಕಲ್ಲುಕುಟಿಗರನ್ನು ಕೇಳಿ ಎಂದು ಹೊರಟೇಹೋದರು. ಊರಲ್ಲಿ ವಿಚಾರಿಸಿದರೆ ಪುಟ್ಟೀರವ್ವ ಒಬ್ಬಳೇ ಅಲ್ಲ. ಗರಡಿಮನೆಯ ಉಸ್ತಾದ ಬಸ್ಕಿ ಹೊಡೆಯುತ್ತಾ ಅರ್ಧಕ್ಕೇ ಕತ್ತಿನವರೆಗೆ ಕಲ್ಲಾಗಿದ್ದ. ಮಕ್ಕಳಿಗೆ ಪಾಠ ಹೇಳುವ ಮಠದ ಅಯ್ಯನವರೂ ಎತ್ತಿದ ಬೆತ್ತ ಎತ್ತಿದ ಹಾಗೇ ಕತ್ತಿನವರೆಗೆ ಕಲ್ಲಾಗಿದ್ದರು; ಮಕ್ಕಳು ಮಾತ್ರ ಇದನ್ನು ಯಾರಿಗೂ ತಿಳಿಸಿರಲಿಲ್ಲ.

ಎದುರುಮನೆಯ ಸೂಲಗಿತ್ತಿ ದ್ಯಾವಮ್ಮಜ್ಜಿ ಕಿಟಕಿಯಿಂದ ಕಾಟಯ್ಯನನ್ನು ಕರೆದು ವಿಷಯ ಬಿಡಿಸಿ ಹೇಳಿದಳು. ಎಂಟನೆಯ ಬೆಟ್ಟದ ಗವಿಯಲ್ಲಿ ಕರಿಮಾಯ ಎಂಬ ಮಾಂತ್ರಿಕನಿದ್ದಾನೆ. ಜನ ಬಿಡದೆ ನುಂಗಿಕೊಂಡ ನಿಟ್ಟುಸಿರನ್ನೆಲ್ಲ ಅವನು ಎಳೆದುಕೊಂಡು ಗಂಟು ಕಟ್ಟಿಡುತ್ತಾನೆ. ನಿಟ್ಟುಸಿರು ಹೋದ ಜಾಗಕ್ಕೆ ಕಲ್ಲು ಬರುತ್ತದೆ. ನೂರು ಗಂಟು ತುಂಬಿದ ದಿನ ರಾಜ್ಯವೆಲ್ಲ ಕಲ್ಲಾಗಿ ಅವನೇ ರಾಜ.

"ನಿಮ್ಮವ್ವನ ಬಾಯಿ ಕಲ್ಲಾಗೋದರ ಒಳಗೆ ಹೋಗಿ ಬಾ. ಆಮೇಲೆ ಯಾರ ಕೈಲೂ ಆಗೋದಿಲ್ಲ" ಎಂದಳು ಅಜ್ಜಿ. "ದಾರೀಲಿ ಮೂರು ಬಾಗಿಲಿದೆ. ಅಲ್ಲಿ ಕೇಳಿದ್ದಕ್ಕೆ ನಿಜ ಹೇಳಬೇಕು, ಅಷ್ಟೆ."

ನಿಜ ಹೇಳುವುದೇನು ಮಹಾ, ಎಂದುಕೊಂಡು ಕಾಟಯ್ಯ ತಮಟೆ ಹೆಗಲಿಗೇರಿಸಿದ. ಬೆಟ್ಟ ಹತ್ತುವವರೆಗೂ ಅವನು ಹಾಗೇ ಅಂದುಕೊಂಡಿದ್ದ.

ಮೊದಲನೆಯ ಬಾಗಿಲಲ್ಲಿ ಒಂದು ಹುಲಿ ಕೂತಿತ್ತು. ಅದೂ ಬಾಯಿಗೆ ಬಟ್ಟೆ ಕಟ್ಟಿಕೊಂಡಿತ್ತು. ಕಾಟಯ್ಯ ಕೈ ಮುಗಿದ. ಹುಲಿ ಅವನನ್ನು ಆರು ಮೊಳ ದೂರದಲ್ಲೇ ನಿಲ್ಲಲು ಹೇಳಿತು. ಹೆದರಬೇಡ, ತಿನ್ನಬೇಕೆಂದರೆ ಬಟ್ಟೆ ಬಿಚ್ಚಬೇಕು, ಬಿಚ್ಚಿದರೆ ನಿನ್ನ ಉಸಿರು ನನಗೆ ತಗಲುತ್ತದೆ, ಮೂರು ವರ್ಷದಿಂದ ಹಲಸಿನಹಣ್ಣಿನಲ್ಲೇ ಕಾಲ ಹಾಕುತ್ತಿದ್ದೇನೆ ಎಂದು ತನ್ನ ಗೋಳು ಹೇಳಿಕೊಂಡಿತು. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಬೇಕಾದ್ದನ್ನು ಕೇಳಿತು. "ಹೇಗಿದ್ದೀಯಪ್ಪ?"

"ಕ್ಷೇಮ" ಎಂದ ಕಾಟಯ್ಯ. ಅಭ್ಯಾಸಬಲ. ಬಾಗಿಲು ತೆರೆಯಿತು, ಅವನ ಎಡಪಾದ ಕಲ್ಲಾಯಿತು. ಸುಳ್ಳು ಹೇಳಿದವರನ್ನೂ ಬಿಡುತ್ತೇವೆ, ಭಾರ ಮಾತ್ರ ಹೆಚ್ಚುತ್ತದೆ ಎಂದು ಹುಲಿ ಹಲಸಿನ ತೊಳೆ ಬಿಡಿಸತೊಡಗಿತು.

ಎರಡನೆಯ ಬಾಗಿಲಲ್ಲಿ ಚಿನ್ನದ ಪಂಜರ, ಪಂಜರದಲ್ಲಿ ಗಿಳಿ. ಕಾಟಯ್ಯ ಚಿಕ್ಕಂದಿನಲ್ಲಿ ಕೇಳಿದ ಕತೆಗಳೆಲ್ಲ ನೆನಪಾಗಿ ಸೀದಾ ಅದರ ಕತ್ತಿಗೆ ಕೈ ಹಾಕಿದ.

"ತೆಗಿ ಕೈ" ಎಂದಿತು ಗಿಳಿ. "ನನ್ನ ಕತ್ತು ಹಿಸುಕಿದರೆ ಮಾಂತ್ರಿಕ ಸಾಯ್ತಾನೆ ಅಂತ ತಾನೆ? ಅದು ಹಳೇ ಪದ್ಧತಿ. ಅವನು ತನ್ನ ಜೀವ ನನ್ನಲ್ಲಿಟ್ಟು ಹೋಗ್ತಿದ್ದದ್ದು ಊರೂರು ತಿರುಗ್ತಿದ್ದಾಗ. ಈಗ ಅವನೂ ಮನೇಲೇ ಇದ್ದಾನೆ, ಜೀವವೂ ಅವನ ಹತ್ತಿರವೇ ಇದೆ. ನನಗೆ ಕೆಲಸವೇ ಇಲ್ಲ. ಅದಿರಲಿ, ನೀನು ಹೇಗಿದ್ದೀಯ?"

ಕಾಟಯ್ಯ ಈ ಸಲ ಎಚ್ಚರದಿಂದ ಯೋಚಿಸಿದ. ಕ್ಷೇಮ ಎಂದರೆ ಸುಳ್ಳು. ಆದರೆ ಪರಿಚಯವಿಲ್ಲದ ಗಿಳಿಯ ಮುಂದೆ ಗೋಳು ತೋಡಿಕೊಳ್ಳುವುದು ಮರ್ಯಾದೆಯೇ? "ಪರವಾಗಿಲ್ಲ" ಎಂದ. ಅರ್ಧ ಸುಳ್ಳಾದ್ದರಿಂದ ಬಲಪಾದ ಅರ್ಧವೇ ಕಲ್ಲಾಯಿತು.

ಒಂದೂವರೆ ಕಲ್ಲಿನ ಕಾಲು ಎಳೆದುಕೊಂಡು ಅವನು ಮೂರನೆಯ ಬಾಗಿಲು ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. ಅಲ್ಲೊಂದು ಮುದಿ ಆಮೆ. ಹೇಗಿದ್ದೀಯ ಎಂದು ಅದೂ ಕೇಳಿತು. ದಣಿವಿಗೆ ಹಳೇ ಅಭ್ಯಾಸವೇ ಬಾಯಿಗೆ ಬಂದು, ಕಾಟಯ್ಯ ಕ್ಷೇಮ ಎಂದ. ಎಡಗೈ ಕಲ್ಲಾಯಿತು. ಬಾಗಿಲು ಮಾತ್ರ ತೆರೆಯಲಿಲ್ಲ.

"ಕೇಳಿಸಲಿಲ್ಲ" ಎಂದಿತು ಆಮೆ.

ಪರವಾಗಿಲ್ಲ ಎಂದ. ಬಲಗೈಯ ಎರಡು ಬೆರಳು ಹೋದವು.

"ಕಿವಿ ಮಂದ ಕಣಪ್ಪ. ಇನ್ನೊಂದು ಸಲ ಹೇಳು."

ಕಾಟಯ್ಯನಿಗೆ ತಡೆಯಲಾಗಲಿಲ್ಲ. ಅಷ್ಟು ದಿನ ಯಾರದೋ ಮಾತನ್ನು ಕೂಗಿದ ಗಂಟಲು ಅವತ್ತು ತನ್ನ ಮಾತನ್ನು ಕೂಗಿತು. "ಸಾಕಾಗಿದೆ ಅಜ್ಜ! ಮೂರು ವರ್ಷದಿಂದ ಊರಿನ ಕ್ಷೇಮವೆಲ್ಲ ನಾನು ಕೇಳ್ತಿದ್ದೀನಿ. ನೀನು ಹೇಗಿದ್ದೀಯ ಕಾಟಯ್ಯ ಅಂತ ಒಂದು ನರಪಿಳ್ಳೆ ಕೇಳಿಲ್ಲ. ಬೆಳಗ್ಗೆ ಆದರೆ ತಮಟೆ ಮುಟ್ಟೋಕೂ ಮನಸ್ಸು ಬರೋದಿಲ್ಲ. ನನ್ನವ್ವ ಕಲ್ಲಾಗ್ತಿದ್ದಾಳೆ. ನನಗೆ ಭಯ ಆಗಿದೆ."

ಹೇಳಿ ಮುಗಿಸಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ಕಾಲಿನ ಕಲ್ಲು, ಕೈಯ ಕಲ್ಲು ಎಲ್ಲ ಮಣ್ಣಿನ ಹೆಂಟೆ ಒಡೆದ ಹಾಗೆ ಉದುರಿಹೋಯಿತು. ಆಮೆ ಅವನು ಅಳುವಷ್ಟು ಹೊತ್ತೂ ಕತ್ತು ಹೊರಗೆ ಚಾಚಿ ಕೇಳಿಸಿಕೊಂಡಿತು. ಆಮೇಲೆ, ಈಗ ಕೇಳಿಸಿತು ಎಂದು ಬಾಗಿಲು ಬಿಟ್ಟಿತು. ಅದರ ಕಿವಿಗೆ ಏನೂ ಆಗಿರಲಿಲ್ಲವೆಂದು ಕಾಟಯ್ಯನಿಗೆ ಆಗ ಹೊಳೆಯಿತು.

ಗವಿಯೊಳಗೆ ಸೂರಿನವರೆಗೂ ಗಂಟುಗಳು. ಅವುಗಳ ನಡುವಿನ ಒಂದು ಮೊಳ ಜಾಗದಲ್ಲಿ ಕರಿಮಾಯ ಮಂಡಿ ಮಡಚಿ ಕೂತು ತೊಂಬತ್ತೊಂಬತ್ತನೆಯ ಗಂಟು ಬಿಗಿಯುತ್ತಿದ್ದ. ಕೆಂಗಣ್ಣು, ಕೆದರಿದ ಗಡ್ಡ. ಸೊಂಟದ ಕೆಳಗೆಲ್ಲ ಅವನೂ ಕಲ್ಲಾಗಿದ್ದ. ಕಾಟಯ್ಯನನ್ನು ಕಂಡು ಮಂತ್ರದ ಬೆರಳೆತ್ತಿದ. ಇನ್ನೊಂದೇ ಒಂದು ಗಂಟು, ಆಮೇಲೆ ನಿಮ್ಮೂರೆಲ್ಲ ಕಲ್ಲು, ನಾನೇ ರಾಜ ಎಂದು ಅಬ್ಬರಿಸಿದ. ಕಲ್ಲುಗಳಿಗೆ ರಾಜನಾಗಿ ಏನು ಮಾಡ್ತೀಯ ಎಂದು ಕಾಟಯ್ಯ ಕೇಳಿದ. ಅವು ಎದುರುಮಾತಾಡೋದಿಲ್ಲ ಎಂದ ಕರಿಮಾಯ. ಅಷ್ಟರಲ್ಲಿ ಅವನಿಗೆ ದೊಡ್ಡದೊಂದು ಆಕಳಿಕೆ ಬಂತು, ಮಂತ್ರ ಮರೆತುಹೋಯಿತು.

ಹೆದರಿದಾಗ ಮನುಷ್ಯ ತನಗೆ ಬರುವ ಕೆಲಸವನ್ನೇ ಮಾಡುತ್ತಾನೆ. ಕಾಟಯ್ಯ ತಮಟೆ ಬಾರಿಸಿ, "ಕ್ಷೇಮವೇ?" ಎಂದು ಕೂಗಿದ.

"ಕ್ಷೇಮ" ಎಂದ ಕರಿಮಾಯ. ಕಲ್ಲು ಎದೆಗೇರಿತು.

"ಕೇಳಿಸಲಿಲ್ಲ" ಎಂದ ಕಾಟಯ್ಯ.

"ಪರವಾಗಿಲ್ಲ" ಎಂದ ಕರಿಮಾಯ. ಕಲ್ಲು ಕತ್ತಿಗೆ ಬಂತು.

ಕಾಟಯ್ಯ ತಮಟೆ ಕೆಳಗಿಟ್ಟು, ಅವನೆದುರು ಕುಕ್ಕರಗಾಲಲ್ಲಿ ಕೂತು, ಕೂಗದೆ ಕೇಳಿದ. "ಅಣ್ಣ, ನಿಜವಾಗಲೂ ಹೇಗಿದ್ದೀಯ?"

ಮಾಂತ್ರಿಕನ ಗಡ್ಡ ನಡುಗಿತು. ಗಂಟು ಕಟ್ಟಿ ಕಟ್ಟಿ ಬೆರಳು ಬಾತಿದೆ ಎಂದ. ಕಾಲು ಚಾಚಿ ಮಲಗಿ ಮೂರು ವರ್ಷವಾಯಿತು, ನಿಮ್ಮೂರಿನವರ ನಿಟ್ಟುಸಿರು ಮುಗಿಯುವುದೇ ಇಲ್ಲವಲ್ಲಪ್ಪ ಎಂದ. ಆಮೇಲೆ ಗವಿಯೇ ಅದುರುವ ಹಾಗೆ ಒಂದು ನಿಟ್ಟುಸಿರು ಬಿಟ್ಟ. ಅವನ ಮೈಮೇಲಿನ ಕಲ್ಲು ಉದುರಿತು, ತೊಂಬತ್ತೊಂಬತ್ತು ಗಂಟೂ ಪಟಪಟನೆ ಬಿಚ್ಚಿಕೊಂಡವು, ಒಳಗಿದ್ದ ಗಾಳಿ ಹುಲಿಯ ಬಾಯಿಯ ಬಟ್ಟೆಯನ್ನೂ ಹಾರಿಸಿಕೊಂಡು ಊರ ಕಡೆಗೆ ಹೋಯಿತು.

"ನಿಟ್ಟುಸಿರು ಅವರವರ ಎದೆಗೆ ವಾಪಸು ಹೋಗುತ್ತೆ" ಎಂದ ಕರಿಮಾಯ. "ಬಾಯಿ ತೆರೆದು ಬಿಡೋದು ಮಾತ್ರ ಅವರೇ ಮಾಡಬೇಕು. ಅದಕ್ಕೆ ನನ್ನಲ್ಲಿ ಮಂತ್ರ ಇಲ್ಲ." ಇಷ್ಟು ಹೇಳಿ ಕಾಲು ಚಾಚಿದವನು ಮಾತು ಮುಗಿಯುವ ಮೊದಲೇ ಗೊರಕೆ ಹೊಡೆಯುತ್ತಿದ್ದ.

ಕಾಟಯ್ಯ ಬಿದ್ದಂಬೀಳ ಓಡಿದ. ಇತ್ತ ಊರಲ್ಲಿ ಒಂದು ಎಡವಟ್ಟಾಗಿತ್ತು. ಪುಟ್ಟೀರವ್ವನಿಗೆ ಹುಷಾರಿಲ್ಲವಂತೆ ಎಂದು ಕೇಳಿ ನಲವತ್ತೆರಡು ಮನೆಯವರೂ ಅಕ್ಕರೆಯಿಂದ ಕಿಟಕಿಯಲ್ಲೇ ವಿಚಾರಿಸಿಕೊಂಡಿದ್ದರು. ನಲವತ್ತೆರಡು ಸಲವೂ ಅವಳು ಕ್ಷೇಮ ಎಂದಿದ್ದಳು. ಕಾಟಯ್ಯ ಒಳಗೆ ಕಾಲಿಡುವಾಗ ಕಲ್ಲು ಗಲ್ಲದವರೆಗೆ ಬಂದಿತ್ತು.

"ಹೇಗಿದ್ದೀಯವ್ವ?" ಎಂದು ಕೇಳಲು ಬಾಯಿ ತೆರೆದವನು ತಡೆದುಕೊಂಡ. ಕೇಳಿದರೆ ಅವಳು ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಇನ್ನೊಂದು ಕ್ಷೇಮಕ್ಕೆ ಅಲ್ಲಿ ಜಾಗವಿರಲಿಲ್ಲ. ಅವನು ಸುಮ್ಮನೆ ಹೋಗಿ ಅವಳ ಕಲ್ಲಿನ ಮಡಿಲಲ್ಲಿ ತಲೆಯಿಟ್ಟ.

"ಅವ್ವ, ನನಗೆ ಸಾಕಾಗಿದೆ. ತುಂಬಾ ಸುಸ್ತಾಗಿದ್ದೀನಿ ಕಣವ್ವ."

ಪುಟ್ಟೀರವ್ವನಿಗೆ ಮಗನ ತಲೆ ಸವರಬೇಕು ಅನ್ನಿಸಿತು, ಕೈ ಕಲ್ಲಾಗಿತ್ತು. ಆಗ ಅವಳ ಕಣ್ಣಲ್ಲಿ ನೀರು ಬಂತು.

"ನನಗೂ ಸಾಕಾಗಿದೆ ಕಣೋ" ಎಂದಳು. "ನಲವತ್ತೆರಡು ಮನೆ. ನನಗೆ ಆ ಕಷಾಯದ ವಾಸನೆ ಕಂಡರೆ ಆಗೋದಿಲ್ಲ, ಮೊದಲಿಂದಲೂ ಆಗೋದಿಲ್ಲ. ನಿನಗೂ ಏನಾದರೂ ಆದರೆ ಅಂತ ದಿನಾ ನಡುಗ್ತಾ ಕೂತಿರ್ತೀನಿ. ಯಾರ ಹತ್ತಿರ ಹೇಳಲಿ?" ಮೂರು ವರ್ಷದ ನಿಟ್ಟುಸಿರು ಆಚೆ ಬಂದು, ಒಲೆಯ ಬೂದಿಯೆಲ್ಲ ಹಾರಿ ತಾಯಿ ಮಗ ಇಬ್ಬರ ಮುಖವೂ ಕಪ್ಪಾಯಿತು. ಕಲ್ಲು ಉದುರಿತು. ಅವತ್ತು ಕಾಟಯ್ಯನೇ ಅವ್ವನಿಗೆ ಮಜ್ಜಿಗೆ ಕಡೆದುಕೊಟ್ಟ. ನೀರು ಹೆಚ್ಚಾಗಿತ್ತು. ಅವಳು ಹಾಗೇ ಹೇಳಿ, ಎರಡು ಲೋಟ ಕುಡಿದಳು.

ಮಾರನೆಯ ಬೆಳಗ್ಗೆ ಕಾಟಯ್ಯ ತಮಟೆ ಬಾರಿಸಿ, ಮೊದಲು ತನ್ನ ದಣಿವನ್ನೇ ಸಾರಿದ. ಆಮೇಲೆ ನೀವು ಹೇಗಿದ್ದೀರಿ ಎಂದ. ಮೊದಲು ಕುಂಬಾರಗೇರಿಯವನು ಬಾಯಿಬಿಟ್ಟ, ಆಮೇಲೆ ಕಟ್ಟೆ ಒಡೆಯಿತು. ಗರಡಿಯ ಉಸ್ತಾದ ತನಗೆ ಅಮ್ಮ ಬೇಕು ಎಂದು ಅತ್ತ. ಮಠದ ಅಯ್ಯನವರ ಕಲ್ಲು ಉದುರಿದಾಗ ಬೆತ್ತವೂ ಕೈಯಿಂದ ಬಿತ್ತು. ಮಕ್ಕಳು ಅದನ್ನು ಎತ್ತಿಟ್ಟರು, ಎಲ್ಲಿಟ್ಟರೆಂದು ಇವತ್ತಿಗೂ ತಿಳಿದಿಲ್ಲ. ಅಗಳಿ ಹಾಕಿಸಲು ಬಂದ ವೈದ್ಯರು ಬಾಗಿಲುಗಳನ್ನು ಎಣಿಸಿ, ಇಷ್ಟಕ್ಕೆಲ್ಲ ಅಗಳಿಯಿಲ್ಲ ಎಂದು ತಾವೇ ಜಗಲಿಯ ಮೇಲೆ ಕೂತು ನಿಟ್ಟುಸಿರು ಬಿಟ್ಟರು. ಅರಮನೆಯ ಒಳಗಿಂದ, "ನನಗೂ ಭಯ ಆಗುತ್ತಪ್ಪ" ಎಂಬ ಸಣ್ಣ ದನಿ ಕೇಳಿಸಿತು. ಆವತ್ತಿಗೆ ಅಗಳಿಯ ಕಟ್ಟಳೆ ಮುಗಿಯಿತು.

ಕೆಮ್ಮುಮಾರಿ ಆಮೇಲೂ ಎಂಟು ತಿಂಗಳು ಅಲ್ಲೇ ಇದ್ದಳು; ಸುಳ್ಳು ಹೇಳಿ ಏನು ಪ್ರಯೋಜನ. ಆದರೆ ಊರಲ್ಲಿ ಯಾರೂ ಕಲ್ಲಾಗಲಿಲ್ಲ. ಕಷಾಯ ಕಾಯಿಸುವ ಸರದಿ ಮನೆಮನೆಗೂ ಹಂಚಿಹೋಯಿತು, ರಾಜನ ಸರದಿಯ ದಿನ ಮಾತ್ರ ಅದನ್ನು ಯಾರೂ ಕುಡಿಯುತ್ತಿರಲಿಲ್ಲ. ಕರಿಮಾಯ ಹದಿನೇಳು ದಿನ ನಿದ್ದೆ ಮಾಡಿ ಎದ್ದು, ಬೆಟ್ಟ ಇಳಿದು ಬಂದು ಕೆಲಸ ಕೇಳಿದ. ಕಾಟಯ್ಯ ಯೋಚಿಸಿ ಒಂದು ಕೆಲಸ ಕೊಟ್ಟ. ಕಾಟಯ್ಯ ಊರೆಲ್ಲ ಕೇಳಿ ಮುಗಿಸಿ ಕೊನೆಯ ಬೀದಿಯ ತಿರುವಿಗೆ ಬಂದಾಗ, ಕರಿಮಾಯ ಅಲ್ಲಿ ಆರು ಮೊಳ ದೂರದಲ್ಲಿ ನಿಂತು ದಿನಾ ಕೇಳಬೇಕು: "ನೀನು ಹೇಗಿದ್ದೀಯ ತಮ್ಮ?"

"ಇವತ್ತು ಪರವಾಗಿಲ್ಲಣ್ಣ" ಎನ್ನುತ್ತಿದ್ದ ಕಾಟಯ್ಯ, ಮತ್ತು ಇಬ್ಬರೂ ಅವನ ಕಾಲು ನೋಡುತ್ತಿದ್ದರು. ಕಾಲು ಕಾಲಾಗಿಯೇ ಇರುತ್ತಿತ್ತು. ಹೀಗೆ ಹೊಂಬಾಳೆಪುರದವರು ಸುಖವಿದ್ದಾಗ ಸುಖವೆಂದು, ಇಲ್ಲದಾಗ ಇಲ್ಲವೆಂದು ಹೇಳಿಕೊಂಡು ಬಹುಕಾಲ ಬಾಳಿದರು.