ನಾಲ್ಕು ಮಡಿಕೆಯ ಚೀಟಿ

"ಗುರುಗಳೇ, ನಾನು ಒಂದು ಆನೆ ಕದ್ದಿದ್ದೇನೆ."

"ಎಲ್ಲಿಟ್ಟಿದ್ದೀಯಪ್ಪಾ?"

"ಮಂಚದ ಕೆಳಗೆ, ಗುರುಗಳೇ."

ತರಗತಿಯಲ್ಲಿ ನಗುವೋ ನಗು. ಪರದೆಯ ಹಿಂದೆ ಗುರುಗಳಾಗಿ ಕೂತಿದ್ದ ಟೀಚರ್ ಕೂಡ ತುಟಿ ಕಚ್ಚಿ ನಗು ತಡೆದಳು. ವಾರವೆಲ್ಲ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನೆತ್ತಿ, ಹೆದರಿ ಬಂದವರಿಗೆ "ಏನೂ ನೋವಾಗಲ್ಲ" ಎಂದು ಹೇಳುವುದು ಅವಳ ಕೆಲಸ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಹದಿನಾಲ್ಕು ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದಳು. ಫಾದರ್ ಮುಂದೆ ತಮ್ಮ ಪಾಪ ಹೇಳಿಕೊಳ್ಳುವ ಅವರ ಮೊದಲ ಪಾಪನಿವೇದನೆಗೆ ಇನ್ನು ಮೂರೇ ವಾರ ಉಳಿದಿತ್ತು.

ಎರಡು ಕುರ್ಚಿ, ನಡುವೆ ಒಂದು ಹಳೆಯ ಪರದೆ. ಅಭ್ಯಾಸದಲ್ಲಿ ನಿಜವಾದ ಪಾಪ ಹೇಳುವಂತಿಲ್ಲ, ಹುಟ್ಟಿಸಿಕೊಂಡು ಹೇಳಬೇಕು. ನಿಜವಾದದ್ದನ್ನು ಚೀಟಿಯಲ್ಲಿ ಬರೆದು, ನಾಲ್ಕು ಸಲ ಮಡಿಸಿ, ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಫಾದರ್ ಬಳಿ ಎಲ್ಲರೂ ಹೇಳಿಕೊಂಡು ಬಂದ ಮೇಲೆ ಅಂಗಳದಲ್ಲಿ ಆ ಚೀಟಿಗಳನ್ನೆಲ್ಲ ಸುಟ್ಟುಬಿಡುವುದು. ಈ ಪದ್ಧತಿಯನ್ನು ತಂದವಳು ಅವಳೇ. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

"ಟೀಚರ್, ನೀವು ಬಿಚ್ಚಿ ನೋಡ್ತೀರಾ?" ಎಂದು ಕೇಳಿದ್ದು ಮುಂದಿನ ಬೆಂಚಿನ ಪುಟ್ಟಿ. ಎಂಟು ವರ್ಷ, ನೇರಳೆ ಇಂಕಿನ ಪೆನ್ನು, ಎಲ್ಲದಕ್ಕೂ ಒಂದು ಪ್ರಶ್ನೆ.

"ನನ್ನಾಣೆ, ನೋಡಲ್ಲ."

"ಆಣೆ ಇಡಬಾರ್ದು ಅಂತ ನೀವೇ ಹೇಳಿದ್ರಿ."

"ಸರಿ ತಾಯಿ, ಮಾತು ಕೊಡ್ತೀನಿ. ನೋಡಲ್ಲ ಅಂದ್ರೆ ನೋಡಲ್ಲ."

ಪುಟ್ಟಿ ನಂಬಿದಳು. ನಂಬದಿರುವುದಕ್ಕೆ ಅವಳಿಗೆ ಕಾರಣವೂ ಇರಲಿಲ್ಲ.

ಹಾಲಿನ ಹೊರಗಿನ ಬೆಂಚಿನಲ್ಲಿ ಪುಟ್ಟಿಯ ಸೋದರಮಾವ ಕಾಯುತ್ತಿದ್ದ. ಪುಟ್ಟಿಯ ಅಮ್ಮನಿಗೆ ಆಸ್ಪತ್ರೆಯಲ್ಲಿ ಭಾನುವಾರವೂ ಡ್ಯೂಟಿ, ಹಾಗಾಗಿ ಕರೆತರುವುದು ಅವನೇ. ಬಸ್ ನಿಲ್ದಾಣದ ಎದುರು ಅವನದೊಂದು ಕನ್ನಡಕದ ಅಂಗಡಿ. ಎಲ್ಲರ ಬಾಯಲ್ಲೂ ಅವನು ಕನ್ನಡಕದವರು. ಸಣ್ಣ ಸ್ಕ್ರೂಡ್ರೈವರ್ ಜೇಬಿನಲ್ಲಿಲ್ಲದೆ ಅವನು ಚರ್ಚಿಗೂ ಬಂದವನಲ್ಲ.

ಏಳು ತಿಂಗಳ ಹಿಂದೆ ಟೀಚರ ಕನ್ನಡಕದ ಕಡ್ಡಿ ಸಡಿಲವಾಗಿತ್ತು. "ಕೊಡಿ ಇಲ್ಲಿ" ಎಂದು ತೆಗೆದುಕೊಂಡು, ಒರೆಸಿ, ಸ್ಕ್ರೂ ತಿರುಗಿಸಿ, ಅವನೇ ಅವಳ ಮುಖಕ್ಕಿಟ್ಟ. ಅವನ ಬೆರಳು ಕಿವಿಯ ಹಿಂದೆ ಒಂದು ಕ್ಷಣ ತಡೆಯಿತು.

"ಕಣ್ಣು ಮುಚ್ಚಬೇಡಿ ಟೀಚರ್. ನೇರ ನನ್ನ ಮೂಗು ನೋಡಿ."

"ಮೂಗು ನೆಟ್ಟಗಿದ್ರೆ ತಾನೇ ನೇರ ನೋಡೋದು?"

ಅವನು ನಕ್ಕ. ಆ ನಗುವಿನಲ್ಲಿ ಎಡಗಣ್ಣು ಬಲಗಣ್ಣಿಗಿಂತ ತುಸು ಹೆಚ್ಚು ಕಿರಿದಾಗುತ್ತದೆ ಎಂಬುದನ್ನು ಅವಳು ಅವತ್ತೇ ಕಂಡಳು. ಆಮೇಲೆ ಪ್ರತಿ ವಾರ ಆ ಕಡ್ಡಿ ಸಡಿಲವಾಗತೊಡಗಿತು. "ನಿನ್ನ ಕನ್ನಡಕಕ್ಕೆ ಭಾನುವಾರಾನೇ ಕಾಯಿಲೆ ಬರುತ್ತಲ್ಲ. ಆ ಮನುಷ್ಯನಿಗೆ ಕೆಲಸ ಬರುತ್ತೋ ಇಲ್ವೋ?" ಎಂದು ಅವಳ ಅಮ್ಮ ಕುಟುಕುತ್ತಿದ್ದಳು. ಅವಳು ಕೇಳಿಸದವಳ ಹಾಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮೂವತ್ತನಾಲ್ಕು ದಾಟಿದವಳಿಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ತನ್ನನ್ನೇ ಗದರಿಕೊಂಡು, ಮತ್ತೆ ಭಾನುವಾರಕ್ಕೆ ದಿನ ಎಣಿಸುತ್ತಿದ್ದಳು. ಅವನು ಮಾತ್ರ ಸ್ಕ್ರೂ ತಿರುಗಿಸುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಆನೆ ಕದ್ದ ಕತೆಯ ಆ ಭಾನುವಾರ ಮಕ್ಕಳೆಲ್ಲ ಹೋದ ಮೇಲೆ ಡಬ್ಬಿ ಎತ್ತಿಡಲು ಹೋದಳು. ಒಂದು ಚೀಟಿ ಮುಚ್ಚಳದ ಅಂಚಿಗೆ ಸಿಕ್ಕಿಕೊಂಡಿತ್ತು. ಉಗುರಿನಿಂದ ಒಳಗೆ ತಳ್ಳಿದ್ದರೆ ಮುಗಿಯುತ್ತಿತ್ತು. ಆದರೆ ಕಾಗದದ ಹಿಂಬದಿಗೆ ನೇರಳೆ ಇಂಕು ಊರಿತ್ತು.

ಮಗುವಿಗೇನೋ ಕಷ್ಟವಿರಬಹುದು, ನೋಡುವುದು ಒಳ್ಳೆಯದು ಎಂದು ಅವಳು ಮನಸ್ಸಿಗೆ ಹೇಳಿದಳು. ಅದು ಶುದ್ಧ ಸುಳ್ಳು. ಪುಟ್ಟಿಯ ಮನೆಯಲ್ಲಿ ಅವನಿದ್ದಾನೆ, ಅವನ ಸುದ್ದಿ ಏನಾದರೂ ಇರಬಹುದು ಎಂಬ ಹಸಿವು ಅವಳದು. ಒಂದೊಂದು ಮಡಿಕೆ ಬಿಚ್ಚುವಾಗಲೂ ನಿಲ್ಲಿಸಲು ಅವಕಾಶವಿತ್ತು. ಅವಳು ನಾಲ್ಕನ್ನೂ ಬಿಚ್ಚಿದಳು.

"ಮಾಮನ ಡ್ರಾಯರಿನಲ್ಲಿದ್ದ ಕಾಗದ ಕದ್ದು ಓದಿದೆ. ಅದು ನಮ್ಮ ಟೀಚರಿಗೆ ಬರೆದದ್ದು. ಮಾಮ ಕೊಡಲೇ ಇಲ್ಲ. ನಾನು ಯಾರಿಗೂ ಹೇಳಿಲ್ಲ."

ಅವಳಿಗೆ ನಾಚಿಕೆ ಆಗಬೇಕಿತ್ತು, ಆದದ್ದು ಸಂತೋಷ. ಚೀಟಿಯನ್ನು ಮೊದಲಿನ ಹಾಗೇ ಮಡಿಸಿ ಡಬ್ಬಿಗೆ ಹಾಕಿ ಹಾಡು ಗುನುಗುತ್ತ ಮನೆಗೆ ಹೋದಳು.

ಮುಂದಿನ ಭಾನುವಾರ ಹೊಸ ನೀಲಿ ಬಟ್ಟೆ ಉಟ್ಟಳು. ತರಗತಿ ಮುಗಿದು, ಅವನು ಎಂದಿನಂತೆ ಬೆಂಚಿನಲ್ಲಿ ಅವಳ ಕನ್ನಡಕ ಹಿಡಿದು ಕೂತಿದ್ದಾಗ, ಪುಟ್ಟಿ ಪಕ್ಕದಲ್ಲೇ ಶೂ ಕಟ್ಟಿಕೊಳ್ಳುತ್ತಿದ್ದಾಗ, ಅವಳ ಧೈರ್ಯ ತಲೆಗೇರಿತು.

"ನಿಮಗೆ ಬಿಗಿ ಮಾಡೋದು ಬಿಟ್ರೆ ಬೇರೇನೂ ಬರಲ್ವಾ?"

"ಬೇರೆ ಅಂದ್ರೆ?"

"ಕೆಲವರು ಹೇಳಬೇಕಾದ್ದನ್ನೆಲ್ಲ ಬರೆದು ಡ್ರಾಯರಿನಲ್ಲಿಟ್ಟು ಬೀಗ ಹಾಕ್ತಾರಂತೆ." ಹೇಳಿ ಓರೆಗಣ್ಣಿನಿಂದ ಅವನನ್ನು ನೋಡಿದಳು.

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಅವನು ಅವಳನ್ನು ನೋಡಲಿಲ್ಲ, ಪುಟ್ಟಿಯನ್ನು ನೋಡಿದ. "ನನ್ನ ಡ್ರಾಯರ್ ತೆಗೆದ್ಯಾ?"

ಪುಟ್ಟಿ ತಲೆ ತಗ್ಗಿಸಿದಳು. "ಹೂಂ."

"ತೆಗೆದು ಊರೆಲ್ಲ ಹೇಳ್ಕೊಂಡು ಬಂದ್ಯಾ?"

ಪುಟ್ಟಿ ನಿಧಾನಕ್ಕೆ ತಲೆಯೆತ್ತಿ ಟೀಚರ ಮುಖ ನೋಡಿದಳು. ತಾನು ಎಲ್ಲಿಯೂ ಹೇಳಿಲ್ಲ, ಬರೆದದ್ದು ಒಂದೇ ಕಡೆ ಎಂದು ಅವಳಿಗೆ ಗೊತ್ತಿತ್ತು. ಟೀಚರ್ "ನಾನೇ ಓದಿದೆ" ಎಂಬ ಎರಡು ಪದವನ್ನು ಹೇಳಲಿಲ್ಲ. ಅವನು ಕನ್ನಡಕವನ್ನು ಅವಳ ಕೈಗಿತ್ತು, ಮಗುವಿನ ಕೈ ಹಿಡಿದು ಹೊರಟ. ಬೈಸಿಕೊಂಡು ಹೋಗುವಾಗಲೂ ಪುಟ್ಟಿ ಟೀಚರ ಹೆಸರು ಹೇಳಲಿಲ್ಲ.

ಟೀಚರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅದರ ಮುಂದಿನ ಭಾನುವಾರ ಪುಟ್ಟಿ ನೆರೆಮನೆಯವರ ಜೊತೆ ಬಂದಳು. ಪರದೆಯ ಮುಂದೆ ಕೂರುವ ಸರದಿ ಬಂದಾಗ ಎದ್ದು ನಿಂತಳು, ಆದರೆ ಕದಲಲಿಲ್ಲ.

"ನಾನು ಶನಿವಾರ ಪಾಪನಿವೇದನೆಗೆ ಬರಲ್ಲ ಟೀಚರ್."

"ಯಾಕೆ ಪುಟ್ಟಿ?"

"ಫಾದರ್‌ಗೂ ಹೇಳಲ್ಲ. ಹೇಳಿದ್ರೆ ಹೊರಗೆ ಬರುತ್ತೆ." ಸಿಟ್ಟಿರಲಿಲ್ಲ ಆ ದನಿಯಲ್ಲಿ. ಬಿಸಿ ಮುಟ್ಟಿ ಸುಟ್ಟುಕೊಂಡವರು ಬಿಸಿ ಎಂದು ಹೇಳುವ ಹಾಗೆ ಹೇಳಿದಳು. ಹಿಂದಿನ ಬೆಂಚಿನ ಆನೆಕಳ್ಳ ಡಬ್ಬಿಯನ್ನೊಮ್ಮೆ, ಟೀಚರನ್ನೊಮ್ಮೆ ನೋಡಿದ.

ಸಂಜೆ ಟೀಚರ್ ತಾನೇ ಪಾಪನಿವೇದನೆಗೆ ಹೋದಳು. ವಯಸ್ಸಾದ ಫಾದರ್ ಪೂರ್ತಿ ಕೇಳಿಸಿಕೊಂಡು ಕ್ಷಮೆ ನೀಡಿದರು. ಅವಳು ಹಗುರಾಗಿ ಏಳುವಷ್ಟರಲ್ಲಿ ಕೇಳಿದರು: "ನನಗೆ ಹೇಳಿದ್ದು ಸುಲಭವಾಯ್ತಲ್ಲಮ್ಮಾ?"

"ಹೌದು ಫಾದರ್."

"ನೀನು ಮಾತು ಕೊಟ್ಟಿದ್ದು ನನಗಲ್ಲ. ಪ್ರಾಯಶ್ಚಿತ್ತಕ್ಕೆ ಜಪ ಏನೂ ಬೇಡ, ಆ ಮಗು ಹತ್ತಿರ ಹೋಗು."

ಮೂರು ದಿನ ಅವಳು ನೆಪ ಹುಡುಕಿದಳು. ಮಗುವಿಗೆ ಹೇಳಿದರೆ ಅವನಿಗೂ ಹೇಳಿದಂತೆ. ತನ್ನ ಮೇಲೆ ಅವನಿಗಿದ್ದ ಆಸೆ ಅಲ್ಲಿಗೆ ಮುಗಿಯಿತು. ಮಕ್ಕಳ ಚೀಟಿ ಕದ್ದು ಓದುವವಳನ್ನು ಯಾರು ಬಯಸುತ್ತಾರೆ? ಹೇಳದಿದ್ದರೆ ಮಗುವೊಂದು ಜೀವಮಾನವಿಡೀ ಬಾಯಿ ಮುಚ್ಚಿಕೊಂಡಿರುತ್ತದೆ. ತಕ್ಕಡಿ ಹಿಡಿದು ಹಿಡಿದು ಕೈಸೋತು ಗುರುವಾರ ಕ್ಲಿನಿಕ್ಕಿನಿಂದ ನೇರ ಕನ್ನಡಕದ ಅಂಗಡಿಗೆ ನಡೆದಳು.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗೋಡೆಯ ತುಂಬ ಖಾಲಿ ಫ್ರೇಮುಗಳು. ನೂರು ಜನ ಒಟ್ಟಿಗೆ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಕೆಳಗೆ ಕೂತು ಪುಟ್ಟಿ ಹೋಮ್‌ವರ್ಕ್ ಮಾಡುತ್ತಿದ್ದಳು. ಅವನು ಕೌಂಟರಿನ ಹಿಂದಿನಿಂದ ಎದ್ದ.

"ಕಡ್ಡಿ ಸಡಿಲವಾಯ್ತಾ?" ದನಿ ಒಣಗಿತ್ತು.

"ಇಲ್ಲ. ಪುಟ್ಟಿ ಹತ್ರ ಮಾತಾಡಬೇಕು. ನೀವೂ ಕೇಳಿಸ್ಕೊಳ್ಳಿ." ಅವಳು ಮಗುವಿನ ಮುಂದೆ ನೆಲದ ಮೇಲೇ ಕೂತಳು. "ಪುಟ್ಟಿ, ನಿನ್ನ ಚೀಟಿ ನಾನು ಓದಿದೆ. ಓದಲ್ಲ ಅಂತ ಮಾತು ಕೊಟ್ಟು ಓದಿದೆ. ನಿನ್ನ ಮಾಮ ಬೈದಾಗ ಸುಮ್ಮನೆ ನಿಂತಿದ್ದೆ. ತಪ್ಪಾಯ್ತು."

ಪುಟ್ಟಿ ಪೆನ್ನಿನ ಮುಚ್ಚಳ ಹಾಕಿದಳು. "ನಾಲ್ಕೂ ಮಡಿಕೆ ಬಿಚ್ಚಿದ್ರಾ?"

"ನಾಲ್ಕೂ."

"ಮಾಮನ ಕಾಗದಕ್ಕೆ ಎರಡೇ ಮಡಿಕೆ ಇತ್ತು," ಎಂದಳು ಯೋಚಿಸಿ. "ಹಾಗಾದ್ರೆ ನಿಮ್ದೇ ದೊಡ್ಡ ಪಾಪ."

"ಹೌದು. ನಂದೇ ದೊಡ್ಡದು."

"ನನಗೋಸ್ಕರ ಓದಿದ್ರಾ?"

ಇಲ್ಲಿ ಒಂದು ಸಣ್ಣ ಸುಳ್ಳು ಹೇಳಿದ್ದರೆ ಮಾನ ಉಳಿಯುತ್ತಿತ್ತು. "ಅಲ್ಲ. ನಿನ್ನ ಮಾಮನ ಸುದ್ದಿ ಏನಾದ್ರೂ ಇರುತ್ತೇನೋ ಅಂತ ಓದಿದೆ." ಅವಳ ಕಿವಿ, ಕುತ್ತಿಗೆ ಎಲ್ಲ ಕಾದವು. ತಲೆಯೆತ್ತಿ ಅವನತ್ತ ನೋಡುವ ಶಕ್ತಿ ಇರಲಿಲ್ಲ. "ಫಾದರ್ ಯಾರ ಚೀಟೀನೂ ಓದಲ್ಲ ಪುಟ್ಟಿ. ಅವರ ಕಿವಿಗೆ ಬಿದ್ದದ್ದು ಹೊರಗೆ ಬರಲ್ಲ. ನಾನು ಕೆಟ್ಟವಳು ಅಂತ ಅವರನ್ನ ಬಿಡಬೇಡ. ಶನಿವಾರ ಆದ್ಮೇಲೆ ನಾನು ಕ್ಲಾಸು ಬಿಟ್ಟುಬಿಡ್ತೀನಿ."

ಅವನು ಕೌಂಟರ್ ಸುತ್ತಿ ಬಂದ. ಬಂದವನು ಅವಳ ಬಳಿಗಲ್ಲ, ಮಗುವಿನ ಬಳಿಗೆ ಬಂದು ಕುಕ್ಕರಗಾಲಲ್ಲಿ ಕೂತ. "ಊರೆಲ್ಲ ಹೇಳಿದೆ ಅಂತ ಬೈದೆ. ನೀನು ಹೇಳಿರಲಿಲ್ಲ. ನಂದೂ ತಪ್ಪಾಯ್ತು ಕಣೆ."

"ಡ್ರಾಯರ್ ತೆಗೆದಿದ್ದು ನಾನೇ ಮಾಮ," ಎಂದು ಪುಟ್ಟಿ ನ್ಯಾಯ ಹೇಳಿದಳು.

ಟೀಚರ್ ಎದ್ದಳು. ಬಾಗಿಲ ಬಳಿ ಅವನ ದನಿ ಕೇಳಿತು. "ಆ ಕಾಗದ ಈಗಿಲ್ಲ. ಅವತ್ತೇ ಹರಿದುಹಾಕಿದೆ. ನೀವು ತಮಾಷೆ ಮಾಡಿದ್ರಿ ಅನ್ಕೊಂಡೆ."

"ತಮಾಷೆ ಅಲ್ಲ, ಸಂತೋಷ," ಎಂದಳು ಅವಳು ಬೀದಿಯತ್ತ ಮುಖ ಮಾಡಿಕೊಂಡೇ. "ಕದ್ದದ್ದು ಅದು. ನನಗೆ ದಕ್ಕಲಿಲ್ಲ." ಬಸ್ಸಿಗೂ ಕಾಯದೆ ಮನೆಯವರೆಗೆ ನಡೆದಳು.

ಶನಿವಾರ ಮಕ್ಕಳು ಬಿಳಿ ಅಂಗಿಗಳಲ್ಲಿ ಸಾಲಾಗಿ ಕೂತಿದ್ದರು. ಅವಳು ಕೊನೆಯ ಬೆಂಚಿನಲ್ಲಿ ಎಣಿಸಿದಳು: ಹದಿಮೂರು. ಹತ್ತನೆಯ ಮಗು ಒಳಗೆ ಹೋಗಿ ಬಂತು, ಹನ್ನೊಂದನೆಯದೂ. ಅವಳ ಕಣ್ಣು ಬಾಗಿಲಲ್ಲೇ ನೆಟ್ಟಿತ್ತು. ಕೊನೆಗೂ ಓಡಿಬಂದ ಸದ್ದು; ಪುಟ್ಟಿ ಏದುಸಿರು ಬಿಡುತ್ತ ಸಾಲಿನ ತುದಿಯಲ್ಲಿ ಕೂತಳು. ಅವಳ ಸರದಿ ಬಂದಾಗ ಯಾರನ್ನೂ ನೋಡದೆ ಎದ್ದು ಒಳಗೆ ಹೋದಳು. ಟೀಚರ್ ಮುಖ ಮುಚ್ಚಿಕೊಂಡು ಅತ್ತಳು.

ಅಂಗಳದಲ್ಲಿ ಹಳೆಯ ಬಾಣಲೆಯೊಂದನ್ನಿಟ್ಟು ಡಬ್ಬಿಯನ್ನು ಅದರಲ್ಲಿ ಬರಿದು ಮಾಡಿದರು. ಬೆಂಕಿಕಡ್ಡಿ ಗೀರುವ ಮುಂಚೆ ಅವಳು ಮಕ್ಕಳಿಗೆಲ್ಲ ಹೇಳಿದಳು, ಒಂದು ಚೀಟಿ ತಾನು ಓದಿದ್ದೇನೆಂದು, ಯಾರದೆಂದು ಹೇಳುವುದಿಲ್ಲವೆಂದು, ಕ್ಷಮಿಸಬೇಕೆಂದು. ಮಕ್ಕಳು ಪಿಸುಗುಟ್ಟಿದರು. "ನಂದು ಓದಿದ್ರೂ ಪರವಾಗಿಲ್ಲ, ನಾನು ಏನೂ ಬರೆದಿರಲಿಲ್ಲ," ಎಂದ ಆನೆಕಳ್ಳ. ಬೆಂಕಿ ಹತ್ತಿತು.

ಆಗ ಪುಟ್ಟಿಯ ಮಾಮ ಬಂದು ಟೀಚರ ಪಕ್ಕ ನಿಂತ. ಕೈಯಲ್ಲಿ ಪುಟ್ಟ ಚೀಟಿ, ನಾಲ್ಕು ಮಡಿಕೆಯದು.

"ಇದು ನಂದು. ಓದಿ. ನಾನೇ ಕೊಡ್ತಿದ್ದೀನಿ."

"ಬೇಡ. ನನಗೆ ಆ ಯೋಗ್ಯತೆ ಇಲ್ಲ."

"ನನಗೂ ಇಲ್ಲ. ಓದಿದ್ರೆ ಗೊತ್ತಾಗುತ್ತೆ."

ಅವನ ಕಣ್ಣೆದುರೇ ಒಂದೊಂದಾಗಿ ಬಿಚ್ಚಿದಳು. ಚೊಕ್ಕ ಅಕ್ಷರದಲ್ಲಿ ಬರೆದಿತ್ತು: "ಏಳು ತಿಂಗಳಿಂದ, ಪ್ರತಿ ಭಾನುವಾರ, ಟೀಚರ ಕನ್ನಡಕದ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡದೆ ಬಿಟ್ಟಿದ್ದೇನೆ. ಮುಂದಿನ ವಾರ ಮತ್ತೆ ಬರಲಿ ಎಂದು."

ಅವಳು ನಕ್ಕಳೋ ಅತ್ತಳೋ ಅವಳಿಗೇ ಗೊತ್ತಾಗಲಿಲ್ಲ. "ಎರಡು ಸಲ ಕನ್ನಡಕ ಬಿದ್ದು ಗಾಜಿಗೆ ಗೀರು ಬಂತು."

"ಗೊತ್ತು. ಆ ಗೀರು ನೋಡ್ದಾಗೆಲ್ಲ ನಾಚಿಕೆ ಆಗ್ತಿತ್ತು. ಆದ್ರೂ ಬಿಗಿ ಮಾಡ್ಲಿಲ್ಲ." ಅವನ ಎಡಗಣ್ಣು ಬಲಗಣ್ಣಿಗಿಂತ ತುಸು ಹೆಚ್ಚು ಕಿರಿದಾಯಿತು.

ಅವಳು ಚೀಟಿಯನ್ನು ಮಡಿಸಿ ಜೇಬಿಗಿಡಲು ಹೋದಳು. ಒಂದು ಪುಟ್ಟ ಕೈ ತಡೆಯಿತು.

"ಟೀಚರ್, ಅದೂ ಪಾಪದ ಚೀಟಿ ತಾನೇ?" ಪುಟ್ಟಿ ಬೆಂಕಿಯತ್ತ ಬೆರಳು ತೋರಿಸಿದಳು. "ಸುಡಬೇಕು. ನೀವೇ ಹೇಳಿದ್ದು."

ಟೀಚರ್ ಕೈಯಲ್ಲಿನ ಚೀಟಿ ನೋಡಿದಳು. ಮೊದಲನೆಯದು ಹರಿದುಹೋಗಿತ್ತು, ಅವಳ ಪಾಲಿಗೆ ಉಳಿದದ್ದು ಇದೊಂದೇ. ಪುಟ್ಟಿ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಮಾತು ಅಂದರೆ ಮಾತು. ಬಗ್ಗಿ ಚೀಟಿಯನ್ನು ಬಾಣಲೆಗೆ ಹಾಕಿದಳು. ಅಂಚು ಕಂದಿ, ಸುರುಟಿ, ಮಕ್ಕಳ ಚೀಟಿಗಳ ಬೂದಿಯೊಳಗೆ ಅದೂ ಸೇರಿಕೊಂಡಿತು.

ಪುಟ್ಟಿ ತೃಪ್ತಿಯಿಂದ ತಲೆಯಾಡಿಸಿದಳು. "ಮುಂದಿನ ಭಾನುವಾರ ಕ್ಲಾಸಿಗೆ ಬನ್ನಿ ಟೀಚರ್," ಎಂದು ಹೇಳಿ ಗೆಳತಿಯರ ಕಡೆ ಓಡಿದಳು.

"ನನಗೆ ಅಂತ ಬರೆದದ್ದು ಒಂದೂ ಉಳೀಲಿಲ್ಲ," ಎಂದಳು ಅವಳು ಸಣ್ಣ ದನಿಯಲ್ಲಿ.

ಅವನು ಅವಳ ಕನ್ನಡಕವನ್ನು ಮೆಲ್ಲನೆ ತೆಗೆದ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಆ ಉಳಿದ ಅರ್ಧ ಸುತ್ತನ್ನು ತಿರುಗಿಸಿ, ಮತ್ತೆ ಅವಳ ಮುಖಕ್ಕಿಟ್ಟ.

"ಇನ್ನು ಸಡಿಲ ಆಗಲ್ಲ. ನನ್ನ ಹತ್ರ ಬೇರೆ ನೆಪಾನೂ ಇಲ್ಲ," ಎಂದ. "ಬಾಯಲ್ಲೇ ಹೇಳ್ತೀನಿ. ಕೇಳ್ತೀರಾ?"

ಈ ಸಲ ಅವಳು ಅವನ ಮೂಗನ್ನು ನೋಡಲಿಲ್ಲ.

"ಹೇಳಿ," ಎಂದಳು.