ಬಡಗಿಗಳ ಶುಕ್ರವಾರ

“ನಿಮಗ ನಾ ಬ್ಯಾಡಾಗಿದ್ರ ಬಾಯಿಬಿಟ್ಟ್ ಹೇಳ್ರಿ, ಸ್ನೇಹಲ್. ತಾರೀಖ್ ಯಾಕ ಮುಂದ ದೂಡ್ತೀರಿ?”

ಫೋನಿನಲ್ಲಿ ಹಾಗೆ ಕೇಳಿದ್ದು ಕಾಶಿನಾಥ. ಡೊಂಬಿವಲಿಯ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಸ್ನೇಹಲ್‌ಗೆ ಮೈಯೆಲ್ಲ ಉರಿದುಹೋಯಿತು. ತಿರುಗಿ ಬೈಯಲೆಂದು ಬಾಯಿ ತೆರೆದರೆ ಅಳು ಬಂತು. ಫೋನ್ ಇಟ್ಟುಬಿಟ್ಟಳು.

ಅವರಿಬ್ಬರೂ ಕೆಲಸಕ್ಕಿದ್ದ ಕಂಪನಿ ಹೋಟೆಲುಗಳ ಒಳಾಂಗಣ ಮಾಡಿಕೊಡುತ್ತಿತ್ತು. ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರ ಕೆಲಸಕ್ಕೆ ವಿಜಯಪುರದ ಕಾಶಿನಾಥ ಸೂಪರ್‌ವೈಸರ್. ಕೆಲಸ ಯಾವತ್ತು ಮುಗಿಯುತ್ತದೆಂದು ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಹಾಕುವವಳು ಸ್ನೇಹಲ್. ಅವಳ ಅಪ್ಪನದು ಒಂದೇ ಮಾತು: ಅಕ್ಷಯ ತದಿಗೆಯೊಳಗೆ ಹುಡುಗ ತಾಯಿಯನ್ನು ಕರೆತಂದು ಹೆಣ್ಣು ಕೇಳಲಿ, ಇಲ್ಲದಿದ್ದರೆ ಬೆಳಗಾವಿಯ ಸಂಬಂಧಕ್ಕೆ ಹೂಂ ಅನ್ನುತ್ತೇನೆ. ಕಾಶಿನಾಥನ ತಾಯಿ ಒಬ್ಬರೇ ರೈಲು ಹತ್ತುವವರಲ್ಲ, ಮಗನೇ ಊರಿಗೆ ಹೋಗಬೇಕು. ಕಂಪನಿಯ ಮಾಲೀಕ ಚನ್ನಬಸಯ್ಯನವರೋ, ಹೋಟೆಲು ಒಪ್ಪಿಸುವ ತನಕ ರಜೆಯ ಹೆಸರೆತ್ತಬೇಡ ಅಂದಿದ್ದರು. ಶೀಟು ತೋರಿಸುತ್ತಿದ್ದದ್ದು ತದಿಗೆ ಕಳೆದ ಮೇಲಿನ ತಾರೀಖು.

ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿ ಸ್ನೇಹಲ್ ಗ್ರಾಂಟ್ ರೋಡಿಗೆ ಲೋಕಲ್ ರೈಲು ಹಿಡಿದಳು. ಎದುರಿಗೆ ನಿಂತು ಜಗಳವಾಡದೆ ಅವಳಿಗೆ ಸಮಾಧಾನವಿರಲಿಲ್ಲ.

ಹೋಟೆಲಿನೊಳಗೆ ಕರಗಸದ ಸದ್ದು. ಕಾಶಿನಾಥ ಅವಳನ್ನು ಕಂಡೂ ಕಾಣದವನಂತೆ ಟೇಪು ಹಿಡಿದು ಗೋಡೆ ಅಳೆಯತೊಡಗಿದ. ರೆಪ್ಪೆಯ ಮೇಲೆಲ್ಲ ಮರದ ಪುಡಿ. ಸಿಟ್ಟಿನಲ್ಲೂ ಒರೆಸಬೇಕೆನಿಸಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆಗ ಬಡಗಿಗಳತ್ತ ನೋಡಿದವಳು ಹಾಗೇ ನಿಂತಳು.

“ಏಕ್ ಮಿನಿಟ್. ಇವತ್ತ ಸಂಡೇ ಐತಿ ನಾ? ಇವರು ಹೆಂಗ ಕೆಲಸಾ ಮಾಡಾಕತ್ತಾರ?”

“ಧಾರಾವಿ ಬಡಿಗ್ಯಾರು. ಅವ್ರಿಗೆ ಶುಕ್ರವಾರ ಒಂದ ಸೂಟಿ. ಪೇಂಟರ್‌ಗೋಳಿಗೆ ರವಿವಾರ.”

“ಶನಿವಾರ?”

“ಶನಿವಾರ ಯಾರಿಗ್ರೀ ಸೂಟಿ? ಅದು ನಿಮ್ಮ ಆಫೀಸಿನವ್ರಿಗೆ.”

ಸ್ನೇಹಲ್ ಅಲ್ಲೇ ಕೂತು ಶೀಟು ತೆರೆದಳು. ಆಫೀಸಿನ ಶನಿವಾರ, ಭಾನುವಾರದ ರಜೆಗಳು ಅದರಲ್ಲಿ ಮೊದಲೇ ಇದ್ದವು. ಬಡಗಿಗಳ ಶುಕ್ರವಾರವನ್ನು ತಾನೇ ಸೇರಿಸಿ ಎಲ್ಲರಿಗೂ ಹಂಚಿದ್ದಳು. ಇಡೀ ಸೈಟಿಗೆ ವಾರಕ್ಕೆ ಮೂರು ದಿನ ಬೀಗ ಹಾಕಿಸಿ ಕೂತಿದ್ದಳು ಮಹಾರಾಯ್ತಿ!

ಒಬ್ಬೊಬ್ಬರಿಗೆ ಅವರವರ ರಜೆ ಕೊಟ್ಟು ಎಂಟರ್ ಒತ್ತಿದಳು. ತಾರೀಖು ತದಿಗೆಗಿಂತ ಒಂದು ವಾರ ಮೊದಲಿಗೆ ಬಂದು ನಿಂತಿತು. ಅವಳು ಉಸಿರು ಬಿಟ್ಟಳು. ಆಮೇಲೆ ನಗು ಬಂತು, ಅದರ ಹಿಂದೆಯೇ ಕಣ್ಣೀರು.

ಕಾಶಿನಾಥ ಪಕ್ಕಕ್ಕೆ ಬಂದು ಕೂತ. ಪರದೆ ನೋಡಿದ, ಅವಳನ್ನು ನೋಡಿದ, ತಲೆ ತಗ್ಗಿಸಿದ.

“ತಪ್ಪಾತ್ರಿ. ಏನೇನೋ ಅಂದುಬಿಟ್ಟೆ.”

“ನಾ ದೂಡ್ತೀನಿ ಅಂದ್ರಿ. ನಾ ವಾರದಿಂದ ಎಳೀಲಿಕ್ಕೆ ಟ್ರೈ ಮಾಡಾಕತ್ತೀನಿ. ನಿನ್ನೆ ತೋ ಸುಳ್ಳ ತಾರೀಖ್ ಬರದೂ ಬಿಟ್ಟಿದ್ದೆ. ಕೆಲಸಾ ಮುಗೀದಿದ್ರ ಬಡಿಗ್ಯಾರ ಮೇಲೆ ಬೈಗಳ ಬೀಳ್ತಾವಂತ ಅಳಿಸಿದೆ.”

“ನನ್ನ ಸಲುವಾಗಿ ಸುಳ್ಳ?”

“ಔರ್ ಕಿಸ್ಕೆ ಲಿಯೇ? ಮತ್ತ ಯಾರ ಸಲುವಾಗಿ?” ಎಂದು ಅವಳು ದುಪಟ್ಟಾದ ತುದಿಯಿಂದ ಅವನ ರೆಪ್ಪೆ ಒರೆಸಿಯೇಬಿಟ್ಟಳು. “ನನಗ ನೀವೇ ಬೇಕು. ಈಗ ಸಾಹೇಬ್ರಿಗೆ ಫೋನ್ ಮಾಡ್ರಿ.”

ಕಾಶಿನಾಥ ಫೋನ್ ತೆಗೆದ. ಚನ್ನಬಸಯ್ಯನವರು ಹೊಸ ತಾರೀಖು ಕೇಳಿಸಿಕೊಂಡು, ಒಪ್ಪಿಸಿದ ದಿನವೇ ಊರಿನ ಗಾಡಿ ಹತ್ತು ಅಂದರು. ಅವನು ಅವಳ ಕೈಯನ್ನು ಬಿಡದೆಯೇ ಅವ್ವನಿಗೆ ಫೋನ್ ಹಚ್ಚಿದ.

“ಯವ್ವಾ, ಇಳಕಲ್ ಸೀರಿ ತಗದಿಡು. ಹೆಣ್ಣ ಕೇಳಾಕ ಹೋಗೂದೈತಿ.”