ಹೆದ್ದಾರಿಯಲ್ಲಿ ಮಾತಾಡದವನು

ಈ ಮಹಾಂತೇಶನ ತಲೆಯಲ್ಲಿ ಏನು ಓಡುತ್ತಿದೆ ಎಂಬುದು ಬಾದಾಮಿ ದಾಟಿದರೂ ಪ್ರಿಯದರ್ಶಿನಿಗೆ ತಿಳಿಯಲಿಲ್ಲ.

ಬಾಗಲಕೋಟೆಯಿಂದ ಇಳಕಲ್‌ವರೆಗೆ ಎರಡು ದಿನದ ಸೈಕಲ್ ಯಾತ್ರೆ. ಮಗ್ಗದ ಸದ್ದಿನಲ್ಲೇ ಕಿವಿ ಕಳೆದುಕೊಂಡ ಹಿರಿಯ ನೇಕಾರರಿಗೆ ಕಿವಿ ಮಷೀನು ಕೊಡಿಸಲು ದೇಣಿಗೆ ಎತ್ತುವ ಯಾತ್ರೆ. ಅವಳು ನವನಗರದ ಚಷ್ಮಾ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಅವನು ಇಳಕಲ್ಲಿನ ಪವರ್‌ಲೂಮ್ ಮನೆಯವನು. ಆರು ತಿಂಗಳಿಂದ ತಯಾರಿ ಸಭೆಗಳಲ್ಲಿ ಕಂಡು, ಕದ್ದು ನೋಡಿ, ಅವಳಂತೂ ಮನಸ್ಸು ಕೊಟ್ಟು ಕೂತಿದ್ದಳು.

ಚೊಳಚಗುಡ್ಡ ಬಿಟ್ಟು ಮಲಪ್ರಭೆಯ ದಂಡೆಗುಂಟ ಹೊರಟಾಗ ಅವನು ಅವಳ ಎಡಕ್ಕೆ ಬಂದು ಜೊತೆಯಾದ. ಮುಂದೆ ಮಾತೇ ಮಾತು.

“ಏನ್ರಿ, ಹೊಳಿ ನೋಡಾಕ ಬಂದೀರೋ, ನನ್ನ ನೋಡಾಕ ಬಂದೀರೋ?” ಎಂದು ಕೆಣಕಿದಳು.

“ಹೊಳಿ ಎಲ್ಲೈತ್ರಿ? ನಾ ಇನ್ನೂ ನೋಡೇ ಇಲ್ಲ.”

ಹೊಳೆ ಪಕ್ಕದಲ್ಲೇ ಹರಿಯುತ್ತಿತ್ತು. ರೆಪ್ಪೆಯ ಮೇಲೆಲ್ಲ ಧೂಳು ಕೂತ ಆ ಕಣ್ಣುಗಳು ಅವಳನ್ನು ಬಿಟ್ಟು ಕದಲಲಿಲ್ಲ. ಅವಳ ಸೈಕಲ್ ಓಲಾಡಿತು. ಪಟ್ಟದಕಲ್ಲು ಯಾವಾಗ ಬಂತು, ಐಹೊಳೆ ಯಾವಾಗ ಹೋಯಿತು, ಇಬ್ಬರಿಗೂ ಗೊತ್ತಾಗಲಿಲ್ಲ.

ಹುನಗುಂದ ದಾಟಿ ಹೆದ್ದಾರಿ ಸಿಕ್ಕಿತು. ಗ್ರಾನೈಟ್ ಹೇರಿದ ಲಾರಿಗಳು ಮೈಮೇಲೆ ಬಂದಂತೆ ಬರುತ್ತಿದ್ದವು. ಮಹಾಂತೇಶ ತಟ್ಟನೆ ಅವಳ ಬಲಕ್ಕೆ ಸರಿದ. ಅಲ್ಲಿಂದ ಬಾಯಿಗೆ ಬೀಗ!

ನಿನ್ನೆಯೂ ದೊಡ್ಡ ರಸ್ತೆಯಲ್ಲಿ ಹೀಗೇ ಆಗಿತ್ತು. ಹೊಳೆಯ ದಂಡೆಯಲ್ಲಿ ಜೇನು ಸುರಿಸುವವನು ಹೆದ್ದಾರಿಯಲ್ಲಿ ಪರಿಚಯವೇ ಇಲ್ಲದವನಂತೆ ಏಕಿರುತ್ತಾನೆ? ನಾಲ್ಕು ಮಂದಿ ನೋಡಿದರೆ ನಾಚಿಕೆಯೇ? ಇಲ್ಲ, ಇದೆಲ್ಲ ಅವನಿಗೆ ಬರೀ ಹೊತ್ತು ಕಳೆಯುವ ಆಟವೇ? ಅವಳ ತಲೆ ಕೆಟ್ಟು ಹೋಯಿತು. ಆದರೆ ಸುಮ್ಮನಿರುವಂತಿರಲಿಲ್ಲ. ಇಳಕಲ್ ಬಂದರೆ ಯಾತ್ರೆ ಮುಗಿಯಿತು.

ಧೈರ್ಯ ಮಾಡಿ ಹೇಳಿಯೇಬಿಟ್ಟಳು. “ರವಿವಾರ ನನ್ನ ನೋಡಾಕ ಗದಗಿನವ್ರು ಬರ್ತಾರ್ರಿ. ನನಗ ನೀವು ಬೇಕು. ನೀವು ಹೂಂ ಅಂದ್ರ ಮನ್ಯಾಗ ಇವತ್ತ ಹೇಳ್ತೇನಿ.”

ಅವನು ಮುಂದೆಯೇ ನೋಡುತ್ತಿದ್ದ. ರಸ್ತೆಯಲ್ಲೊಂದು ಗುಂಡಿ ಇತ್ತು, ಹುಷಾರು ಎಂದು ಕೈ ತೋರಿಸಿದ. ಅಷ್ಟೇ.

ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಅವನನ್ನು ಹಿಂದೆ ಬಿಟ್ಟು ಒಂದೇ ಸಮ ಪೆಡಲ್ ತುಳಿದಳು.

ಇಳಕಲ್ಲಿನ ನೇಕಾರರ ಓಣಿಯಲ್ಲಿ, ಮಗ್ಗಗಳ ಸದ್ದಿನ ನಡುವೆಯೇ, ಹಿರಿಯರಿಗೆ ಮಷೀನು ಹಾಕುವ ಕೆಲಸ ನಡೆದಿತ್ತು. ಮಹಾಂತೇಶನ ತಾಯಿ ಚಂದ್ರವ್ವ ಮಜ್ಜಿಗೆ ಕೊಟ್ಟಳು.

“ನಿಮ್ಮ ಮಗ ಭಾಳ ದೊಡ್ಡವ್ರು ಬಿಡ್ರಿ,” ಎಂದಳು ಪ್ರಿಯದರ್ಶಿನಿ. “ಹೊಳಿ ದಂಡಿಗೆ ಮಾತಾಡ್ತಾರ, ಹೈವೇದಾಗ ತಿರುಗಿ ಸುದ್ದಾ ನೋಡಂಗಿಲ್ಲ.”

“ಹೈವೇದಾಗ ನೀ ಅವನ ಎಡಕ್ಕಿದ್ದೇನು ತಂಗಿ?” ಚಂದ್ರವ್ವ ದನಿ ತಗ್ಗಿಸಿದಳು. “ಅವನ ಎಡಗಿವಿ ಮಗ್ಗದ ಸದ್ದಿನ್ಯಾಗ ಹೋಗೇತಿ. ಅದಕ್ಕ ಒಂದು ಸಂಬಂಧ ಮುರೀತು. ಆವಾಗಿಂದ ಯಾರ ಮುಂದೂ ಹೇಳಂಗಿಲ್ಲ.”

ಪ್ರಿಯದರ್ಶಿನಿ ಮಜ್ಜಿಗೆ ಲೋಟ ಕೆಳಗಿಟ್ಟಳು. ಲಾರಿಗಳು ಹಾಯುವ ಬದಿಗೆ ಅವನು ತಾನೇ ಹೋಗಿ, ಅವಳನ್ನು ಅಂಚಿಗೆ ಬಿಟ್ಟಿದ್ದ. ಅವಳ ಮಾತು ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಬಿಟ್ಟಿದ್ದ.

ಬೆವರಿಳಿಸುತ್ತ ಮಹಾಂತೇಶ ಬಂದ. ಅವಳು ಅವನ ಬಲಕ್ಕೆ ಹೋಗಿ ನಿಂತಳು.

“ಕಿವಿ ವಿಷಯ ಯಾಕ ಮುಚ್ಚಿಟ್ರಿ?”

ಅವನ ಮುಖ ಸಪ್ಪಗಾಯಿತು. “ನೀವೂ ಕಿವುಡ ಅಂತೀರೇನೋ ಅಂತ ಅಂಜಿದ್ನಿರಿ.”

“ದಿನಾ ಚಷ್ಮಾ ಕೊಡಾಕಿ ನಾ. ಯಾರಿಗರೆ ಕುರುಡ ಅಂದೀನೇನು?”

ಅವನು ಉಸಿರು ಬಿಟ್ಟ. “ಹೈವೇದಾಗ ಏನೋ ಅಂದ್ರಿ. ಏನದು?”

“ನನ್ನ ಮನಸಿನ ಮಾತು ನಾ ಒಮ್ಮೆ ಹೇಳಿ ಆತು. ಈಗ ನಿಮ್ಮ ಪಾಳಿ.”

ಮಹಾಂತೇಶ ಆಚೀಚೆ ನೋಡಿದ. ಮಗ್ಗದ ಮನೆಯವರಿಗೆ ಪಿಸುಮಾತು ಎಲ್ಲಿ ಬರಬೇಕು? “ನನ್ನ ಮದುವಿ ಆಗ್ತೀರೇನ್ರಿ?” ಎಂದು ಓಣಿಗೆಲ್ಲ ಕೇಳುವಂತೆ ಒದರಿದ.

ಅಲ್ಲೇ ಬೆಂಚಿನ ಮೇಲೆ ಮುದುಕ ಚಂದಪ್ಪನಿಗೆ ಆಗಷ್ಟೇ ಮಷೀನು ಹಾಕಿದ ಡಾಕ್ಟರು ಬಗ್ಗಿ, “ಕಾಕಾ, ಕೇಳಸ್ತದೇನ್ರಿ?” ಎಂದರು.

“ಎಲ್ಲಾ ಕೇಳಸಾಕತ್ತೇತಿ,” ಎಂದ ಚಂದಪ್ಪ. “ಆ ಹುಡುಗಿ ಮಾತೊಂದು ಬರವಲ್ದು.”

ಪ್ರಿಯದರ್ಶಿನಿ ಮನೆಗೆ ಫೋನು ಹಚ್ಚಿದಳು. “ಅವ್ವಾ, ಗದಗಿನವ್ರಿಗೆ ಬರೋದು ಬ್ಯಾಡಂತ ಹೇಳಿಬಿಡು. ನನಗ ಇಳಕಲ್ಲಾಗ ವರ ಸಿಕ್ಕೇತಿ,” ಎಂದಳು, ಕಾಕಾನಿಗೂ ಕೇಳುವಷ್ಟು ಗಟ್ಟಿಯಾಗಿ.